ಗುಂಡಿಯಕ್ಕ ಆಟಕ್ಕೆ ಕೂತಿದ್ದು

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಅಂಗಿಗೆ ಗುಂಡಿ ಹಾಕುವ ಮೆಷಿನ್ನಿನ ಮುಂದೆ ಕೂರುತ್ತಿದ್ದಳು, ಅದಕ್ಕೆ ಗುಂಡಿಯಕ್ಕ. ಪಕ್ಕದ ಮೆಷಿನ್ನಿನಲ್ಲಿ ಗುಂಡಿ ತೂರುವ ಕಾಜಾ ಹೊಲಿಯುವವಳಿಗೆ ಕಾಜಾ ಅಂತಲೇ ಹೆಸರು ಬಿದ್ದಿತ್ತು. ಇಬ್ಬರೂ ಮದುವೆಗೆ ಮುಂಚಿನಿಂದ ಅಕ್ಕಪಕ್ಕ ಕೂತು ಬಂದವರು. ಕಟ್ಟಿಕೊಂಡ ಗಂಡಂದಿರಿಗಿಂತ ಹೆಚ್ಚು ಹೊತ್ತು ಒಬ್ಬರ ಮುಖ ಒಬ್ಬರು ನೋಡಿದವರು.

ಗುಂಡಿ ಹಾಕುವುದು ನೋಡುವವರಿಗೆ ಏನೂ ಅಲ್ಲ. ಎಡಗೈ ಬೆರಳು ಗುಂಡಿಯನ್ನು ಹಿಡಿಕೆಯೊಳಗೆ ಕೂರಿಸಬೇಕು, ಬಲಗೈ ಅಂಗಿಯ ಪಟ್ಟಿಯನ್ನು ಗುರುತಿಗೆ ಸರಿಯಾಗಿ ತಂದು ನಿಲ್ಲಿಸಬೇಕು, ಕಾಲು ಒತ್ತಬೇಕು. ಟಕ್. ಅಷ್ಟರಲ್ಲಿ ಎಡಗೈ ಇನ್ನೊಂದು ಗುಂಡಿ ಹಿಡಿದಿರಬೇಕು. ಕೂದಲೆಳೆಯಷ್ಟು ಸೀಳಿದ ಗುಂಡಿ ಸೂಜಿಯ ಕೆಳಗೆ ಹೋದರೆ ಚೂರು ಹಾರಿ ಕಣ್ಣಿಗೇ ಬರುತ್ತದೆ, ಹಾಗಾಗಿ ಬೆರಳಿಗೆ ಮುಂಚೆ ಕಣ್ಣು ಓಡಬೇಕು. ಸಾಲಿನ ತುದಿಯಲ್ಲಿ ಮೇಸ್ತ್ರಿ ನಿಂತು, “ಹೂಂ, ಬರ್ಲಿ!” ಅನ್ನುತ್ತಿದ್ದ. ಅವನು ಅಂದಮೇಲೆ ಕೈ ಎತ್ತುವವರು ಹಿಂದೆ ಬೀಳುತ್ತಿದ್ದರು. ಗುಂಡಿಯಕ್ಕ ಅವನು ಬಾಯಿ ತೆರೆಯುವ ಮೊದಲೇ ಮುಂದಿನ ಅಂಗಿಯನ್ನು ಸೂಜಿಯ ಕೆಳಗೆ ಇಟ್ಟಿರುತ್ತಿದ್ದಳು. ಒಮ್ಮೆ ಅವನು ಎಲ್ಲರ ಎದುರಿಗೆ, “ಇವಳಿಗೆ ಹೇಳೋದೇ ಬೇಡ ನೋಡ್ರಿ” ಅಂದಿದ್ದ. ಆ ಒಂದು ಮಾತನ್ನು ಅವಳು ವರ್ಷಗಟ್ಟಲೆ ಚಪ್ಪರಿಸಿದಳು. ಅವಳ ಪಾಲಿಗೆ ಬಂದ ಹೊಗಳಿಕೆ ಅಷ್ಟೇ.

ಚಿಕ್ಕಂದಿನಲ್ಲೂ ಅವಳ ಬದುಕು ಹೀಗೇ. ಮನೆಗೆ ಹಿರಿಮಗಳು. ಬೀದಿಯ ಮಕ್ಕಳೆಲ್ಲ ಓಡಿ ಹಿಡಿಯುವ ಆಟ ಆಡುವಾಗ ಇವಳು ಸೊಂಟದ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಗೋಡೆಗೆ ಒರಗಿ ನಿಂತಿರಬೇಕು. ಸೊಂಟದ ಕೂಸು ಇಳಿದು ಓಡುವಷ್ಟಾಯಿತು ಅನ್ನುವಾಗ ಅಮ್ಮ ಇನ್ನೊಂದನ್ನು ಹೆತ್ತು ಕೈಗೆ ಕೊಡುತ್ತಿದ್ದಳು. ಹೀಗೆ ನಿಂತೇ ಅವಳ ಆಟದ ವಯಸ್ಸು ಕಳೆದುಹೋಯಿತು. ಅದನ್ನು ಅವಳು ದುಃಖ ಅಂತ ಯಾರಿಗೂ ಹೇಳಿದವಳಲ್ಲ. ಕಳೆದದ್ದು ಏನು ಅಂತ ಗೊತ್ತಿದ್ದರಲ್ಲವೇ ಹೇಳುವುದು!

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಜೊತೆಯವರು ಅವನನ್ನು ಕರೆಯುತ್ತಿದ್ದದ್ದೇ “ಮೇಲೆಕೆಳಗೆ” ಅಂತ. ಒಳ್ಳೆಯ ಮನುಷ್ಯ, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವನಲ್ಲ, ನಗೆಚಾಟಿಕೆಯಲ್ಲೇ ದಿನ ದೂಡುವವನು. ಇವರಿಬ್ಬರಿಗೆ ಒಬ್ಬಳೇ ಮಗಳು.

ಆ ಮಗಳ ಮಾತು ಅಂದರೆ ಎರಡೇ: ಹೂಂ, ಊಹೂಂ. ಊಟ ಬೇಕಾ? ಹೂಂ. ಸ್ಕೂಲಲ್ಲಿ ಏನಾಯ್ತು? ಊಹೂಂ. ಟೀಚರ್ ಪ್ರಶ್ನೆ ಕೇಳಿದರೆ ಎದ್ದು ನಿಂತು ಬೆಂಚಿನ ತುದಿಯನ್ನು ಉಗುರಿನಿಂದ ಕೆರೆಯುತ್ತಾಳಂತೆ. ಹುಟ್ಟುವಾಗ ಬಾಯಿ ತರುವುದನ್ನು ಮರೆತು ಬಂದಿದೆ ಅಂತ ಗಂಡ ತಮಾಷೆ ಮಾಡುತ್ತಿದ್ದ. ಹದಿಮೂರು ತುಂಬುವ ಹೊತ್ತಿಗೆ ಆ ತಮಾಷೆ ಯಾರಿಗೂ ನಗು ತರಿಸುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಗುಂಡಿಯಕ್ಕ ತರಕಾರಿ ತಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ಕೋಣೆಯಿಂದ ಒಂದು ದನಿ ಕೇಳಿತು. “ಹೆದರ್ಬೇಡ, ನಾನಿದೀನಿ! ಎಡಗಡೆದು ಬಿಡು, ಅದು ಕೊಳೆತಿದೆ! ನಿಲ್ಲು... ನಿಲ್ಲು... ಈಗ!” ಮನೆಗೆ ಯಾರೋ ನೆಂಟರ ಹುಡುಗಿ ಬಂದಿದ್ದಾಳೆ ಅಂದುಕೊಂಡಳು. ಬಾಗಿಲ ಸಂದಿನಿಂದ ನೋಡಿದರೆ ಮಗಳು! ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಅವಳಪ್ಪನ ಹಳೇ ಫೋನು, ಮುಖ ಕೆಂಪಗೆ. ಗುಂಡಿಯಕ್ಕನಿಗೆ ಆದದ್ದು ಖುಷಿಯೋ ಭಯವೋ ಅವಳಿಗೇ ಗೊತ್ತಾಗಲಿಲ್ಲ. ತನ್ನ ಹತ್ತಿರ ಆಡದ ಮಾತನ್ನು ಈ ಹುಡುಗಿ ಗೋಡೆಗೆ ಮುಖ ಮಾಡಿ ಯಾರಿಗೋ ಆಡುತ್ತಿದ್ದಾಳಲ್ಲ, ಅನ್ನುವುದೊಂದೇ ಮನಸ್ಸಿನಲ್ಲಿ ನಿಂತಿತು.

ಆಮೇಲೆ ಅದು ದಿನದಿನದ ಜಗಳವಾಯಿತು. ಊಟಕ್ಕೆ ಕರೆದರೆ “ಬಂದೆ”. ಬಟ್ಟೆ ಮಡಿಸು ಅಂದರೆ “ಬಂದೆ”. ಆ ‘ಬಂದೆ’ ಯಾವತ್ತೂ ಬರಲಿಲ್ಲ. ಒಂದು ದಿನ ಗುಂಡಿಯಕ್ಕನಿಗೆ ತಲೆ ಚಿಟ್ಟು ಹಿಡಿದು, ಹೋದವಳೇ ಕೈಯಿಂದ ಫೋನು ಕಿತ್ತುಕೊಂಡಳು. ಆಟ ನಡುವೆ ನಿಂತಿತು. ಮಗಳು ಎದ್ದು ನಿಂತು ಕಿರುಚಿದಳು, “ನಾಲ್ಕೂ ಜನ ಹೊಳೆಗೆ ಬಿದ್ವಿ! ನಿನ್ನಿಂದ!”

ಗಂಡ ಹಜಾರದಿಂದ ತಲೆ ಎತ್ತಿದ. “ಮನೆಯೊಳಗೆ ಯಾವ ಹೊಳೆನೇ? ನಲ್ಲೀಲೇ ನೀರಿಲ್ಲ.”

ಹುಡುಗಿ ಎರಡು ಹೊತ್ತು ಊಟ ಮಾಡಲಿಲ್ಲ. ಮುಖ ಊದಿಸಿಕೊಂಡು ಮಲಗಿದ್ದಳು.

ಅದೇ ವಾರ ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರ ಸಭೆ. ಕ್ಲಾಸ್ ಟೀಚರ್ ವಯಸ್ಸಿನಲ್ಲಿ ಸಣ್ಣವಳು, ಮಾತು ಮೃದು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ದೊಡ್ಡವರನ್ನೆಲ್ಲ ನೋಡಿ ಹೇಳಿದಳು: “ಫೋನ್ ಕಿತ್ಕೋಬೇಡಿ. ಹಿಡಿದಿರೋ ಆಟ ಮುಗಿಯೋ ತನಕ ಕಾಯಿರಿ. ಎಷ್ಟು ಹೊತ್ತು ಆಡ್ಬೇಕು ಅನ್ನೋದನ್ನ ಅವರನ್ನೂ ಕೂರಿಸ್ಕೊಂಡು ಮೊದಲೇ ಮಾತಾಡ್ಕೊಳ್ಳಿ. ಬಾಗಿಲು ಹಾಕ್ಕೊಂಡು ಆಡೋದು ಬೇಡ, ಎಲ್ಲರೂ ಓಡಾಡೋ ಜಾಗದಲ್ಲಿ ಆಡ್ಲಿ. ಯಾರ ಜೊತೆ ಆಡ್ತಿದಾರೆ ತಿಳ್ಕೊಳ್ಳಿ. ಆಗಾಗ ನೀವೂ ಜೊತೆಗೆ ಕೂತು ಆಡಿ.”

ಹಿಂದಿನ ಬೆಂಚಿನ ಒಬ್ಬ ಅಪ್ಪ, “ನಾವೂ ಆಡ್ತಾ ಕೂತ್ರೆ ಅಡುಗೆ ಮಾಡೋಕೆ ನೀವು ಬರ್ತೀರಾ ಮೇಡಂ?” ಅಂದ. ಎಲ್ಲರೂ ನಕ್ಕರು. ಗುಂಡಿಯಕ್ಕ ನಗಲಿಲ್ಲ. ಅವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಅಷ್ಟು ಬುದ್ಧಿಮಾತಿನಲ್ಲಿ ಕೊನೆಯದೊಂದು ಅವಳ ಮನಸ್ಸಿಗೆ ಅಂಟಿಕೊಂಡಿತು. ಜೊತೆಗೆ ಕೂತು ಆಡಿ. ಇದುವರೆಗೆ ಅವಳಿಗೆ ಯಾರೂ ಹೇಳದಿದ್ದ ಮಾತು ಅದು.

ಹೇಳಿದಂತೆ ಮಾಡಿದಳು. ಮೊದಲು ಮಗಳ ಹತ್ತಿರ ಹೋಗಿ, “ನಿನ್ನ ಹೊಳೆ ತೋರ್ಸೇ, ನೋಡೋಣ” ಅಂದಳು. ಹುಡುಗಿ ಅನುಮಾನದಿಂದಲೇ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಹೊಳೆಯ ಮೇಲೆ ಮುರಿದ ಸೇತುವೆ. ನಾಲ್ಕು ಜನ ದಾಟಬೇಕು. ಮೇಲಿಂದ ಹಲಗೆಗಳು ಇಳಿಯುತ್ತವೆ. ಕೆಲವು ಗಟ್ಟಿ, ಕೆಲವು ಕೊಳೆತವು. ಮುಂದಾಳು ನೋಡಿ “ಈಗ” ಅಂದಾಗ ಉಳಿದವರು ಗುಂಡಿ ಒತ್ತಬೇಕು; ಹಲಗೆ ಕೂರುತ್ತದೆ, ಒಂದು ಹೆಜ್ಜೆ ಮುಂದೆ. ತಪ್ಪಿದರೆ ಹೊಳೆ. ಜೊತೆಗಿದ್ದ ಮೂವರೂ ಮಗಳ ಕ್ಲಾಸಿನ ಹುಡುಗಿಯರೇ. ಮುಂದಾಳು ಮಗಳು. ಕ್ಲಾಸಿನಲ್ಲಿ ಬೆಂಚು ಕೆರೆಯುವವಳ “ಈಗ”ಕ್ಕೆ ಮೂರು ಹುಡುಗಿಯರು ಉಸಿರು ಹಿಡಿದು ಕಾಯುತ್ತಿದ್ದರು.

ಆ ಮೊದಲ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ಗಂಡನ ಈಗಿನ ಫೋನಿಗೂ ಆಟ ಹಾಕಿ, ಅದನ್ನು ಗುಂಡಿಯಕ್ಕ ಹಿಡಿದು, ಇಬ್ಬರೇ ಅಭ್ಯಾಸಕ್ಕೆ ಕೂರುತ್ತಿದ್ದರು. ಹಜಾರದ ಚಾಪೆಯ ಮೇಲೆ, ಬಾಗಿಲು ತೆರೆದಿಟ್ಟು, ಅಡುಗೆ ಒಲೆಯ ಮೇಲಿರುವಾಗ.

“ಅಮ್ಮಾ, ಸತ್ತೆ ನೀನು!”

“ಹೋಗೇ, ಇನ್ನೂ ಅನ್ನ ಬಸೀಬೇಕು. ಆಮೇಲೆ ಸಾಯ್ತೀನಿ.”

“ಒತ್ತು ಅಂದಾಗ ಒತ್ತಮ್ಮ! ನಿಧಾನ!”

“ನಿಧಾನ ಮಾಡಿದ್ರೆ ಮೇಸ್ತ್ರಿ ಬೈತಾನೆ.”

“ಇಲ್ಲಿ ಮೇಸ್ತ್ರಿ ನಾನು” ಅಂದು ಮಗಳು ನಕ್ಕಳು. ಗುಂಡಿಯಕ್ಕ ಆ ನಗುವನ್ನು ಕಣ್ಣು ತುಂಬ ನೋಡಿದಳು. ಎರಡು ಆಟ ಅಂತ ಮಾತಾಗಿದ್ದರೆ ಎರಡೇ ಆಟಕ್ಕೆ ಹುಡುಗಿ ತಾನಾಗಿಯೇ ಫೋನು ಕೆಳಗಿಡುತ್ತಿದ್ದಳು, ಅಮ್ಮನೂ ಇಡುತ್ತಾಳಲ್ಲ ಅಂತ. ತಟ್ಟೆಯ ಮುಂದೆ ಕೂತಾಗ ಸ್ಕೂಲಿನ ಸುದ್ದಿ ಬರತೊಡಗಿತು. ಗಂಡ ಕೈಯಲ್ಲಿ ತುತ್ತು ಹಿಡಿದುಕೊಂಡೇ, “ಇದು ಮಾತಾಡುತ್ತೆ ಕಣೇ! ನಾನು ಸುಮ್ನೆ ಹೆದರಿದ್ದೆ” ಅಂದ. ಮೂವರೂ ನಕ್ಕರು.

ಅಲ್ಲಿಗೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಕಾರ್ಖಾನೆಗೆ ಹೋಗುವಾಗ ಗುಂಡಿಯಕ್ಕನ ಹೆಬ್ಬೆರಳು ತುರಿಸತೊಡಗಿತು. ತನ್ನ ಫೋನಿಗೂ ಆಟ ಹಾಕಿಕೊಂಡಳು. ಮಗಳಿಗೆ ಸರಿಸಮ ಕೂರಬೇಕು, ಕಲಿಯಬೇಕಲ್ಲ, ಅಂತ ತನಗೆ ತಾನೇ ಸಬೂಬು ಹೇಳಿಕೊಂಡಳು. ಊಟದ ಬಿಡುವಿನಲ್ಲಿ ಡಬ್ಬಿ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ. ಕಾಜಾ ಎರಡು ದಿನ ನೋಡಿದಳು, ಮೂರನೇ ದಿನ ಬಾಯಿಬಿಟ್ಟಳು.

“ಏನೇ ಅದು?”

“ಮಗಳಿಗೋಸ್ಕರ ಕಣೇ. ಟೀಚರ್ ಹೇಳಿದಾರೆ.”

“ಟೀಚರ್ ಬಸ್ಸಲ್ಲೂ ಆಡು ಅಂದ್ರಾ? ಇಷ್ಟು ವರ್ಷ ಗುಂಡಿ ಹಾಕ್ದೆ, ಈಗ ಗುಂಡೀಲಿ ಬಿದ್ದೆ ನೋಡು.”

“ನಿಂಗೆ ಹೊಟ್ಟೆಕಿಚ್ಚು.”

“ಹೌದಮ್ಮ, ಹಳ್ಳಕ್ಕೆ ಬಿದ್ದೋರನ್ನ ನೋಡಿ ನಂಗೆ ಭಾರೀ ಹೊಟ್ಟೆಕಿಚ್ಚು.”

ಕಾಜಾಳ ಮಾತು ಅವಳ ಕಿವಿಗೆ ಬೀಳಲಿಲ್ಲ. ಯಾಕೆಂದರೆ ಅವಳು ಗೆಲ್ಲುತ್ತಿದ್ದಳು. ಗೆಲುವು ಅನ್ನುವುದರ ರುಚಿಯೇ ಗೊತ್ತಿರದವಳಿಗೆ ಪರದೆಯ ಮೇಲೆ ಹೊಂಬಣ್ಣದ ಅಕ್ಷರ ಮೂಡಿ, ಡೋಲು ಬಡಿದು, ಸಾಲಿನ ಮೊದಲ ಜಾಗದಲ್ಲಿ ಅವಳ ಗುರುತು ಬಂದು ನಿಲ್ಲುತ್ತಿತ್ತು. ಕಾರ್ಖಾನೆಯಲ್ಲಿ ಕಾಲೂ ಕೈಯೂ ಕಲಿತ ತಾಳ ಅಲ್ಲಿ ಹಾಗೇ ಉಪಯೋಗಕ್ಕೆ ಬಂತು. ಸೀಳಿದ ಗುಂಡಿ ಹುಡುಕಿ ಪಳಗಿದ ಕಣ್ಣಿಗೆ ಕೊಳೆತ ಹಲಗೆಯ ಎಳೆಬಿರುಕು ಥಟ್ಟನೆ ಕಾಣುತ್ತಿತ್ತು.

ಮಗಳ ತಂಡದಲ್ಲಿ ಒಬ್ಬಳಿಗೆ ಅವಳಪ್ಪ ಫೋನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಒಂದು ಜಾಗ ಖಾಲಿಯಾಯಿತು. ಮಗಳೇ ಕರೆದಳು, “ನೀನು ಬಾರಮ್ಮ.” ಆ ಕರೆಯಲ್ಲಿ ಎಷ್ಟು ಹೆಮ್ಮೆಯಿತ್ತು! ನಮ್ಮಮ್ಮ ಆಡ್ತಾಳೆ ಅಂತ ಅವಳು ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಿದ್ದಳಂತೆ.

ತಂಡ ಗೆಲ್ಲತೊಡಗಿತು. ಹುಡುಗಿಯರು ಹೆಡ್‌ಫೋನಿನಲ್ಲಿ “ಆಂಟೀ, ಸೂಪರ್ ಆಂಟೀ!” ಅಂತ ಕೂಗುತ್ತಿದ್ದರು. ಆದರೆ ಒಂದು ವಿಷಯವನ್ನು ಗೆಲುವಿನ ಗದ್ದಲದಲ್ಲಿ ಗುಂಡಿಯಕ್ಕ ಗಮನಿಸಲಿಲ್ಲ. ಅವಳು ಮಗಳ “ಈಗ”ಕ್ಕೆ ಕಾಯುತ್ತಿರಲಿಲ್ಲ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅಂಗಿ ಇಟ್ಟು ಅಭ್ಯಾಸವಾದವಳು. ಹಲಗೆ ಕಂಡ ತಕ್ಷಣ ಒತ್ತಿಬಿಡುತ್ತಿದ್ದಳು. ಸರಿಯಾಗಿಯೇ ಒತ್ತುತ್ತಿದ್ದಳು. ಉಳಿದ ಹುಡುಗಿಯರೂ ಮೆಲ್ಲಗೆ ಮಗಳ ಮಾತು ಬಿಟ್ಟು ಪರದೆಯ ಮೇಲೆ ಅವಳ ಆಟ ನೋಡಿ ಒತ್ತತೊಡಗಿದರು. ಮಗಳು “ಈಗ” ಅನ್ನುವ ಹೊತ್ತಿಗೆ ಎಲ್ಲರೂ ಒಂದು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಮೊದಮೊದಲು ಅವಳು ದನಿ ಏರಿಸಿದಳು. ಆಮೇಲೆ ದನಿ ಇಳಿಯಿತು. ಆಮೇಲೆ ತುಟಿ ಮಾತ್ರ ಆಡುತ್ತಿತ್ತು.

ಇದನ್ನು ಕಂಡವನು ಗಂಡ. ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಆ ಮನುಷ್ಯನೇ ಒಂದು ಸಂಜೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

“ಅವಳು ಹೇಳೋ ತನಕ ಕಾಯೇ ಸ್ವಲ್ಪ.”

“ಕಾಯ್ತಾ ಕೂತ್ರೆ ಸೋಲ್ತೀವಿ.”

“ಸೋಲ್ರಿ. ಏನು ಊರು ಮುಳುಗುತ್ತಾ?”

“ಬೇಕಂತ ಸೋಲೋದಾದ್ರೆ ಅದೇನು ಆಟ? ನಿಮಗೆ ಗೊತ್ತಾಗಲ್ಲ, ಹೋಗಿ.”

ಅವನು ಹೋದ. ಅವನ ಸ್ವಭಾವವೇ ಅದು. ಎರಡನೇ ಸಲ ಹೇಳುವವನಲ್ಲ.

ಬೀಗ ಹಾಕಿದ್ದ ಅಪ್ಪ ಕೊನೆಗೆ ಮನಸ್ಸು ಕರಗಿ ಫೋನು ಕೊಟ್ಟ. ಆ ಹುಡುಗಿ ತಂಡಕ್ಕೆ ವಾಪಸು ಬಂದಳು. ಆ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಕಡೆಯ ತಂಡಗಳೆಲ್ಲ ಸೇರುವ ದೊಡ್ಡ ಪಂದ್ಯ. ಮಗಳು ಅದಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದಳು. ಯಾವ ಹಲಗೆಯ ಹಿಂದೆ ಯಾವುದು ಬರುತ್ತದೆ ಅನ್ನುವುದನ್ನೆಲ್ಲ ಮನಸ್ಸಿನಲ್ಲೇ ಗುಣಿಸಿಕೊಂಡಿದ್ದಳು. ಈಗ ಐದು ಜನ, ಜಾಗ ನಾಲ್ಕು.

ಹಜಾರದ ಚಾಪೆಯ ಮೇಲೆ ತಾಯಿ ಮಗಳು ಅಕ್ಕಪಕ್ಕ ಕೂತಿದ್ದರು. ಫೋನಿನಿಂದ ಹುಡುಗಿಯರ ಮಾತು ಹೊರಗೆ ಕೇಳುತ್ತಿತ್ತು. ಅವರಲ್ಲಿ ಒಬ್ಬಳು ಅಂದಳು, “ಆಂಟಿ ಇರ್ಲಿ ಕಣೇ. ಆಂಟಿ ಇದ್ರೆ ಗೆಲ್ತೀವಿ. ನೀನು ಹೇಗೂ ಅಲ್ಲೇ ಇರ್ತೀಯಲ್ಲ, ಪಕ್ಕದಲ್ಲಿ ಕೂತು ನೋಡು.”

ಉಳಿದವರು ಏನೂ ಅನ್ನಲಿಲ್ಲ. ಸುಮ್ಮನಿರುವುದೂ ಒಪ್ಪಿಗೆಯೇ.

ಮಗಳು ಅಮ್ಮನ ಮುಖ ನೋಡಿದಳು. ಬೇರೆ ಏನೂ ಮಾಡಬೇಕಾಗಿರಲಿಲ್ಲ. “ಥೂ, ನಂಗೆ ಬೇರೆ ಕೆಲಸ ಇಲ್ವಾ, ನೀವು ನೀವೇ ಆಡ್ಕೊಳ್ರೇ” ಅಂತ ಒಂದು ಮಾತು ಅಂದು ಎದ್ದು ಒಲೆಯ ಹತ್ತಿರ ಹೋಗಿದ್ದರೆ ಆಗುತ್ತಿತ್ತು. ಹೆತ್ತವಳ ಬಾಯಿಗೆ ಆ ಮಾತು ತಾನಾಗಿಯೇ ಬರಬೇಕಿತ್ತು. ಅವಳ ಬಾಯಿಗೆ ಬಂದದ್ದು ಇದು: “ಇದೊಂದು ಸಲ ಕಣೇ ಚಿನ್ನಿ. ಮುಂದಿನ ಸಲ ನೀನೇ.”

ಹುಡುಗಿ ಕೊರಳಿಂದ ಹೆಡ್‌ಫೋನ್ ತೆಗೆದು, ಅದರ ವೈರಿನ ಗಂಟು ಬಿಡಿಸಿ, ಅಮ್ಮನ ಕೈಗೆ ಕೊಟ್ಟಳು. “ತಗೋ. ನಿಂದು ಸರಿಯಾಗಿ ಕೇಳಲ್ಲ.”

ಗೆದ್ದರು. ಡೋಲು ಬಡಿಯಿತು, ಹೊಂಬಣ್ಣ ಚೆಲ್ಲಿತು, ಹುಡುಗಿಯರು ಕಿರುಚಿ ಕಿವಿ ತೂತು ಮಾಡಿದರು. ಗುಂಡಿಯಕ್ಕ ಕುಣಿಯುವುದೊಂದು ಬಾಕಿ. ತಲೆ ಎತ್ತಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಮಗಳು ಒಣಗಿದ ಬಟ್ಟೆಯನ್ನೆಲ್ಲ ತಂದು, ಹೇಳದೆಯೇ ಮಡಿಸಿಟ್ಟು, ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದಳು.

“ಗೆದ್ವಿ ಕಣೇ!”

“ಹೂಂ.”

ಅಂದಿನಿಂದ ಅವಳು ಆ ಆಟ ಮುಟ್ಟಲಿಲ್ಲ. ಗುಂಡಿಯಕ್ಕ ಕರೆದಳು, ಗೋಗರೆದಳು, ಕಣ್ಣೆದುರಿಗೇ ತನ್ನ ಫೋನಿನಿಂದ ಆಟವನ್ನು ಅಳಿಸಿದಳು. ಹುಡುಗಿ ಪುಸ್ತಕದಿಂದ ಕಣ್ಣು ತೆಗೆಯದೆ, “ನಂಗೋಸ್ಕರ ಅಳಿಸ್ಬೇಡ. ನಾನು ಬಿಟ್ಟಾಯ್ತು. ನೀನು ಆಡು” ಅಂದಳು. ಕೋಪವಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಅಂಗಡಿಯಲ್ಲಿ ಸಿಕ್ಕ ಗುರುತಿನವರ ಹತ್ತಿರ ಮಾತಾಡುವ ದನಿ ಅದು. ಗಂಡ ನಗೆಚಾಟಿಕೆ ನಿಲ್ಲಿಸಿದ. ತಟ್ಟೆಯ ಮುಂದೆ ಸ್ಟೀಲು ಲೋಟದ ಸದ್ದು ಮಾತ್ರ. ಬಸ್ಸಿನಲ್ಲಿ ಅಳಿಸಿದ್ದನ್ನು ಮತ್ತೆ ಹಾಕಿಕೊಳ್ಳಲು ಅವಳ ಬೆರಳು ಎರಡು ಸಲ ಹೋಯಿತು. ಒಂದು ಸಲ ಹಾಕಿಕೊಂಡೂಬಿಟ್ಟಳು. ಅದನ್ನು ಇಲ್ಲಿ ಮುಚ್ಚಿಟ್ಟು ಏನಾಗಬೇಕು? ಅವಳು ದೇವತೆಯಲ್ಲ. ಮರುದಿನ ತೆಗೆದಳು, ಆಮೇಲೆ ಹಾಕಲಿಲ್ಲ.

ಮಗಳ ಮಾರ್ಕು ಏರಿತು. ಏರದೆ ಏನು, ಹುಡುಗಿಗೆ ಪುಸ್ತಕ ಬಿಟ್ಟರೆ ಇನ್ನೇನು ಉಳಿದಿತ್ತು? ಟೀಚರಿಗೆ ಬಹಳ ಸಂತೋಷವಾಯಿತು. ಮುಂದಿನ ಸಭೆಯಲ್ಲಿ ಅವಳು ಗುಂಡಿಯಕ್ಕನನ್ನು ಬೋರ್ಡಿನ ಹತ್ತಿರಕ್ಕೆ ಕರೆದಳು. “ಇವರ ಮಗಳು ಫೋನಿನ ಆಟ ಪೂರ್ತಿ ಬಿಟ್ಟಿದಾಳೆ. ಹೇಗೆ ಬಿಡಿಸಿದ್ರಿ, ಎಲ್ಲರಿಗೂ ಹೇಳಿ ಅಮ್ಮ.”

ಗುಂಡಿಯಕ್ಕ ಎಂದೂ ಜನರ ಎದುರಿಗೆ ನಿಂತವಳಲ್ಲ. ಸುಳ್ಳು ಹೇಳಿ ಕೂತುಬಿಡೋಣ ಅನ್ನಿಸಿತು. ಆದರೆ ಬೆಂಚಿನಲ್ಲಿದ್ದ ಅಷ್ಟು ತಾಯಂದಿರು ತನ್ನ ಬಾಯನ್ನೇ ನೋಡುತ್ತಿದ್ದಾರೆ. ಇವರಲ್ಲಿ ಒಬ್ಬಳಾದರೂ ನಾಳೆ ತನ್ನ ಹಾಗೆ ಮಾಡಿಬಿಟ್ಟರೆ?

“ನಾನು ಬಿಡಿಸ್ಲಿಲ್ಲ” ಅಂದಳು. “ಟೀಚರ್ ಹೇಳಿದ್ದು ಸರಿಯಾಗೇ ಇತ್ತು. ಜೊತೆಗೆ ಕೂತೆ, ಚೆನ್ನಾಗೇ ಇತ್ತು. ಆಮೇಲೆ ಅವಳ ಜಾಗದಲ್ಲೇ ಹೋಗಿ ಕೂತುಬಿಟ್ಟೆ. ಮನೇಲಿ, ಸ್ಕೂಲಲ್ಲಿ ಎಲ್ಲೂ ಬಾಯಿಬಿಡದ ಹುಡುಗಿ ಅದು. ಮಾತಾಡೋಕೆ ಅದಕ್ಕೆ ಇದ್ದದ್ದು ಅದೊಂದೇ ಕಡೆ. ಅಲ್ಲೂ ನಾನೇ ಮೊದಲು ಒತ್ತಿದೆ, ನಾನೇ ಗೆದ್ದೆ. ಅವಳು ಎದ್ದು ಹೋದ್ಲು. ಅಷ್ಟೇ. ನೀವು ಕೂತ್ಕೊಳ್ಳಿ, ಬೇಡ ಅನ್ನಲ್ಲ. ಅವರು ಹೇಳಿದ ಮೇಲೆ ಒತ್ತಿ. ಆಟ ಅವರದ್ದು ಅನ್ನೋದು ನೆನಪಿರ್ಲಿ.”

ಮುಂದಿನ ಬೆಂಚಿನ ಒಬ್ಬರು, “ಏನೇ ಆಗ್ಲಿ, ಬಿಟ್ಲಲ್ಲ? ಮಾರ್ಕ್ಸ್ ಬಂತಲ್ಲ? ಅದು ಮುಖ್ಯ” ಅಂದರು. ಇನ್ನೊಬ್ಬಳು, “ಅದು ಯಾವ ಆಟ ಅಕ್ಕ? ನಾನೂ ಹಾಗೇ ಆಡಿ ನಮ್ಮವನನ್ನ ಓಡಿಸ್ತೀನಿ” ಅಂದಳು. ಎಲ್ಲರೂ ಹೋ ಅಂತ ನಕ್ಕು ಚಪ್ಪಾಳೆ ತಟ್ಟಿದರು. ಟೀಚರ್ ಮಾತ್ರ ನಗಲಿಲ್ಲ. ಏನೋ ಹೇಳಲು ಹೋದಳು, ಗದ್ದಲದಲ್ಲಿ ಕೇಳಲಿಲ್ಲ.

ಮಗಳು ಹೊರಗೆ ಕಾರಿಡಾರಿನಲ್ಲಿ, ತೆರೆದ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಬಂದದ್ದೇ ಎದ್ದು ಮುಂದೆ ನಡೆದಳು. ಗೇಟು ದಾಟಿದ ಮೇಲೆ ಗುಂಡಿಯಕ್ಕ ಏದುಸಿರು ಬಿಡುತ್ತಾ ಸಮಕ್ಕೆ ಬಂದಳು.

“ಕೇಳಿಸ್ತೇನೇ?”

“ಕೇಳಿಸ್ತು.”

“ನಿಜಾನೇ ಹೇಳ್ದೆ ಕಣೇ. ತಪ್ಪು ನಂದೇ ಅಂತ ಎಲ್ಲರ ಮುಂದೆ ಒಪ್ಕೊಂಡೆ.”

ಹುಡುಗಿ ನಿಂತಳು. ಆ ಭಾನುವಾರದ ಮೇಲೆ ಮೊದಲ ಸಲ ಅಮ್ಮನ ಮುಖವನ್ನು ನೇರವಾಗಿ ನೋಡಿದಳು. “ಮಾತಾಡಲ್ಲ, ಬಾಯಿಬಿಡಲ್ಲ ಅಂತ ನನ್ನ ವಿಷಯ ಎಲ್ಲ ಹೇಳ್ದೆ. ನಾಳೆ ಅವರೆಲ್ಲ ಮನೆಗೆ ಹೋಗಿ ಮಕ್ಕಳಿಗೆ ಹೇಳ್ತಾರೆ. ಆ ಮಾತು ನಂದಾಗಿತ್ತು ಅಮ್ಮ. ಅದನ್ನೂ ನೀನೇ ಹೇಳ್ಕೊಂಡೆ. ಚಪ್ಪಾಳೆನೂ ನಿಂಗೇ ಬಂತು.”

ಇಷ್ಟುದ್ದ ಮಾತನ್ನು ಹುಡುಗಿ ತೊಡರದೆ ಆಡಿದಳು. ಅಷ್ಟರಲ್ಲಿ ಬಸ್ಸು ಬಂತು.

ಇಬ್ಬರು ಕೂರುವ ಸೀಟೊಂದು ಖಾಲಿಯಿತ್ತು. ಗುಂಡಿಯಕ್ಕ ಕಿಟಕಿಯ ಕಡೆ ಸರಿದು ಕೂತು, ಪಕ್ಕದ ಜಾಗದ ಮೇಲೆ ಚೀಲ ಇಟ್ಟು ಮಗಳ ಕಡೆ ನೋಡಿದಳು. ಮಗಳು ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು, ಬೆನ್ನು ಹಾಕಿ ನಿಂತಿದ್ದಳು. ಎರಡು ನಿಲ್ದಾಣ ಕಳೆಯಿತು. ಹತ್ತಿದ ಹೆಂಗಸೊಬ್ಬಳು ಬಂದು ಕೇಳಿದಳು, “ಇಲ್ಲಿ ಯಾರಾದ್ರೂ ಬರ್ತಾರಾ?”

ಗುಂಡಿಯಕ್ಕ ಇನ್ನೊಮ್ಮೆ ಮುಂದೆ ನೋಡಿದಳು. “ಇಲ್ಲ, ಕೂತ್ಕೊಳ್ಳಿ” ಅಂದು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.